ಒಂದು ಗ್ರಾಫಿಕ್ಸ್ ಕಾರ್ಡಿನ ಪೂರ್ವೋತ್ತರ

2023ರ ಆಯುಧಪೂಜೆಯ ದಿನ ಘಾಜಿಯಾಬಾದಿನ ವಸುಂಧರಾ ಬಡಾವಣೆಯ ನಮ್ಮ ಮನೆಯಲ್ಲಿ ಪೂಜೆಗೊಂಡ ವಸ್ತುಗಳಲ್ಲಿ ಒಂದು ಕಂಪ್ಯೂಟರೂ ಇತ್ತು. ಸ್ಕೂಟರಿನ ಬೀಗದ ಕೈ, ಅಡುಗೆಮನೆಯ ಮಿಕ್ಸಿ, ಮಗನ ಜಾಮಿಟ್ರಿ ಪೆಟ್ಟಿಗೆಗಳ ಸಾಲಿನಲ್ಲಿ ಅದೂ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಕುಳಿತಿತ್ತು. ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತಿತ್ತು. ಮದರ್‌ಬೋರ್ಡಿನ ಮೂಲೆಯಲ್ಲಿ ಸಣ್ಣದೊಂದು ಕೆಂಪು ದೀಪ ಹೊತ್ತುತ್ತಿತ್ತು. ತೆರೆಯ ಮೇಲೆ ಮಾತ್ರ ಏನೂ ಮೂಡುತ್ತಿರಲಿಲ್ಲ. ಯಂತ್ರ ಕೆಟ್ಟಿರಲಿಲ್ಲ. ಅದಕ್ಕೊಂದು ಗ್ರಾಫಿಕ್ಸ್ ಕಾರ್ಡು ಬೇಕಿತ್ತು, ನಮ್ಮ ಹಣ ಮುಗಿದಿತ್ತು.

ಹನ್ನೊಂದನೆಯ ತರಗತಿಯ ನನ್ನ ಮಗ ಆಟದ ಕಂಪ್ಯೂಟರು ಬೇಕೆಂದು ಎರಡು ವರ್ಷ ಕೇಳಿದ್ದ. ನಾನು ಒಪ್ಪಿದ ಮಿತಿ 35,000 ರೂಪಾಯಿ, ಅದರಲ್ಲಿ ಅವನ ಹಬ್ಬದ ಉಡುಗೊರೆಯ ಹಣವೂ ಸೇರಿತ್ತು. ರೈಜನ್ 5 5600 ಪ್ರೊಸೆಸರಿಗೆ 11,200, ಬಿ450 ಮದರ್‌ಬೋರ್ಡಿಗೆ 5,600, 16 ಜಿಬಿ ರ‍್ಯಾಮಿಗೆ 3,300, ಎಸ್‌ಎಸ್‌ಡಿಗೆ 2,900, ಎಸ್‌ಎಂಪಿಎಸ್‌ಗೆ 3,700, ಕ್ಯಾಬಿನೆಟ್ಟಿಗೆ 2,300. ಒಟ್ಟು 29,000. ಮಾನಿಟರು ಮನೆಯಲ್ಲಿ ಹಳೆಯದಿತ್ತು. ಉಳಿದ 6,000ಕ್ಕೆ ಹೊಸ ಕಾರ್ಡು ಬರುವುದಿಲ್ಲ. ಆಟಕ್ಕೆ ತಕ್ಕದ್ದೆನಿಸುವ ಕಾರ್ಡು 13 ಸಾವಿರದಿಂದ ಮೇಲೆ. ಅವನು ಆರಿಸಿದ ಪ್ರೊಸೆಸರಿನಲ್ಲಿ ಚಿತ್ರ ಮೂಡಿಸುವ ಭಾಗವೇ ಇಲ್ಲ. ಹೆಸರಿನ ಕೊನೆಗೆ ‘ಜಿ’ ಎಂಬ ಅಕ್ಷರವಿರುವ 5600ಜಿಯಲ್ಲಿ ಅದಿದೆ, ಆದರೆ ಆಟದ ಮಟ್ಟಿಗೆ ಅದು ದುರ್ಬಲ. “ಕಾರ್ಡು ಹೇಗೂ ಬರುತ್ತದಲ್ಲ ಅಪ್ಪಾ” ಎಂದು ಅವನು ಧೈರ್ಯದಿಂದ ‘ಜಿ’ಯನ್ನು ಬಿಟ್ಟಿದ್ದ. ಆ ಧೈರ್ಯದ ಫಲವಾಗಿ ಎರಡು ತಿಂಗಳು ಯಂತ್ರ ಎಲ್ಲವನ್ನೂ ಬಲ್ಲದ್ದಾಗಿಯೂ ಏನನ್ನೂ ತೋರಿಸಲಾರದೆ ಕುಳಿತಿತ್ತು.

ಗ್ರಾಫಿಕ್ಸ್ ಕಾರ್ಡೆಂದರೆ ಆಡುವ ಹುಡುಗರ ಶೋಕಿ ಎಂಬುದು ಅಂದಿನವರೆಗೂ ನನ್ನ ಅಭಿಪ್ರಾಯವಾಗಿತ್ತು. ಸಾಹಿತ್ಯ ಓದಿ ಸರ್ಕಾರಿ ಕಡತ ನೋಡುವ ನನ್ನಂಥವನಿಗೆ ಯಂತ್ರಗಳ ವಿಷಯದಲ್ಲಿ ಇರುವುದು ಹೊರಗಿನವನ ತಿಳಿವಳಿಕೆ. ಆದರೂ ಆ ಎರಡು ತಿಂಗಳಲ್ಲಿ ಕುತೂಹಲಕ್ಕೆ ಬಿದ್ದು ಈ ವಸ್ತುವಿನ ಪೂರ್ವೋತ್ತರವನ್ನು ಹುಡುಕಿದೆ. ಸಿಕ್ಕಿದ್ದು ಆಟದ ಚರಿತ್ರೆಗಿಂತ ಹೆಚ್ಚಾಗಿ ಅಕ್ಷರದ ಚರಿತ್ರೆ.

1981ರ ಆಗಸ್ಟ್ 12ರಂದು ಐಬಿಎಂ ತನ್ನ ಪರ್ಸನಲ್ ಕಂಪ್ಯೂಟರನ್ನು ನ್ಯೂಯಾರ್ಕಿನಲ್ಲಿ ಪ್ರಕಟಿಸಿತು. ಆರಂಭದ ಬೆಲೆ 1,565 ಡಾಲರು. ಆ ಪೆಟ್ಟಿಗೆಯ ಒಳಗೆ ಐದು ಖಾಲಿ ಸ್ಲಾಟುಗಳಿದ್ದವು. ಯಾರು ಬೇಕಾದರೂ ಕಾರ್ಡು ಮಾಡಿ ಅಲ್ಲಿ ಸಿಕ್ಕಿಸಬಹುದಾಗಿತ್ತು. ಯಂತ್ರದ ಸರ್ಕಿಟ್ ನಕ್ಷೆಗಳನ್ನೂ ಅದರ ಮೂಲ ತಂತ್ರಾಂಶವಾದ ಬಯೋಸಿನ ಪಾಠವನ್ನೂ ಐಬಿಎಂ ಪುಸ್ತಕರೂಪದಲ್ಲಿಯೇ ಮಾರಿತು. ಅವಸರದಲ್ಲಿ ಹೊರಗಿನವರ ಬಿಡಿಭಾಗಗಳಿಂದ ಜೋಡಿಸಿದ ಯಂತ್ರವಾದ್ದರಿಂದ ಬಚ್ಚಿಡಲು ಹೆಚ್ಚೇನೂ ಇರಲಿಲ್ಲವೆನ್ನಿ. ಕಾಪಿರೈಟಿನ ಬಲವಿದ್ದದ್ದು ಬಯೋಸಿಗೆ ಮಾತ್ರ. ಅದನ್ನು ನಕಲು ಮಾಡದೆ, ಅದು ಮಾಡುವ ಕೆಲಸವನ್ನಷ್ಟೇ ಮಾಡುವ ಹೊಸ ಬಯೋಸನ್ನು ಕಾಂಪ್ಯಾಕ್ ಬರೆಯಿತು. 1984ರಲ್ಲಿ ಫೀನಿಕ್ಸ್ ಎಂಬ ಸಂಸ್ಥೆ ಅಂಥದೊಂದು ಬಯೋಸನ್ನು ಎಲ್ಲ ತಯಾರಕರಿಗೂ ಮಾರಲು ತೊಡಗಿದ ಮೇಲೆ ತೈವಾನಿನವರೂ ನಮ್ಮವರೂ ‘ಐಬಿಎಂ ಕಂಪ್ಯಾಟಿಬಲ್’ ಯಂತ್ರ ಮಾಡುವುದಕ್ಕೆ ಅಡ್ಡಿ ಉಳಿಯಲಿಲ್ಲ. ನಮ್ಮ ಬಿ450 ಬೋರ್ಡು ಕೂಡ ಮೊದಲು ಹೊಸ ಪ್ರೊಸೆಸರನ್ನು ಗುರುತಿಸದೆ, ಅಂಗಡಿಯ ಹುಡುಗ ಪೆನ್‌ಡ್ರೈವಿನಿಂದ ಬಯೋಸ್ ಬದಲಿಸಿದ ಮೇಲಷ್ಟೇ ದಾರಿಗೆ ಬಂದಿತ್ತು.

ಐಬಿಎಂನ ಆ ಮೊದಲ ಯಂತ್ರಕ್ಕೂ ತಾನಾಗಿ ಚಿತ್ರ ಮೂಡಿಸುವ ಶಕ್ತಿ ಇರಲಿಲ್ಲ. ಐದು ಸ್ಲಾಟುಗಳಲ್ಲೊಂದಕ್ಕೆ ಪ್ರತ್ಯೇಕ ಕಾರ್ಡು ಕೊಂಡು ಹಾಕಬೇಕಿತ್ತು. ಆಯ್ಕೆ ಎರಡು. ಒಂದು, ಮೋನೊಕ್ರೋಮ್ ಕಾರ್ಡು: ಸ್ಫುಟವಾದ ಅಕ್ಷರ, ಸಾಲಿಗೆ 80ರಂತೆ 25 ಸಾಲು. ಆದರೆ ಅದು ಬಲ್ಲದ್ದು ತನ್ನ ಚಿಪ್ಪಿನಲ್ಲಿ ಕೊರೆದಿಟ್ಟ 256 ಆಕಾರಗಳನ್ನು ಮಾತ್ರ. ಅವುಗಳ ಹೊರಗೆ ಒಂದು ಚುಕ್ಕಿಯನ್ನೂ ಅದು ಇಡಲಾರದು. ಇನ್ನೊಂದು, ಬಣ್ಣದ ಕಾರ್ಡು: ಚುಕ್ಕಿ ಇಡಬಲ್ಲದು, ಆದರೆ ಎತ್ತರಕ್ಕೆ 200 ಚುಕ್ಕಿಗಳಷ್ಟೇ, ಓದಲು ಒರಟು. ಇಂಗ್ಲಿಷಿನ 26 ಅಕ್ಷರಗಳು ಹಿರಿದು ಕಿರಿದು ಸೇರಿ 52 ಮನೆಗಳಲ್ಲಿ ಕುಳಿತುಕೊಂಡರೆ ಮಿಕ್ಕ ಮನೆಗಳಲ್ಲಿ ಅಂಕಿಗಳು, ಯುರೋಪಿನ ಕೆಲವು ಅಕ್ಷರಗಳು, ಗೆರೆಗಳು, ಇಸ್ಪೀಟಿನ ಆಟೀನು ಕಳಾವರಗಳೂ ಕೂಡ. ಕನ್ನಡದ ‘ಸ್ತ್ರೀ’ಗೆ ಅಲ್ಲಿ ಸ್ಥಳವಿಲ್ಲ. ಜಗತ್ತಿನ ಅಕ್ಷರಗಳೆಲ್ಲ ಒಂದೊಂದು ಚೌಕದೊಳಗೆ ಪ್ರತ್ಯೇಕವಾಗಿ ನಿಲ್ಲುತ್ತವೆ, ಒಂದರ ಕಾಲಿಗೆ ಇನ್ನೊಂದು ಜೋತುಬೀಳುವುದಿಲ್ಲ ಎಂಬ ನಂಬಿಕೆಯನ್ನು ಅದರ ತಯಾರಕರು ಯೋಚಿಸದೆಯೇ ತಾಮ್ರದಲ್ಲಿ ಎರಕ ಹೊಯ್ದಿದ್ದರು.

ಈ ನಂಬಿಕೆಗೆ ಮೊದಲು ತಡೆ ಒಡ್ಡಿದವನು ಥಾಯ್ಲೆಂಡಿನವನು. ಅಮೆರಿಕದಲ್ಲಿ ಓದುತ್ತಿದ್ದ ವ್ಯಾನ್ ಸುವನ್ನುಕುಲ್ ತನ್ನ ಪ್ರಬಂಧದ ಕೆಲಸಕ್ಕೆ ಥಾಯ್ ಲಿಪಿಯನ್ನು ಈ ಯಂತ್ರದಲ್ಲಿ ಬರೆಯಬೇಕೆಂದಿದ್ದ. ಥಾಯ್ ಲಿಪಿ ಖ್ಮೇರ್ ಮತ್ತು ಪಲ್ಲವ ಲಿಪಿಗಳ ದಾರಿಯಲ್ಲಿ ಬ್ರಾಹ್ಮಿಯಿಂದ ಇಳಿದು ಬಂದದ್ದು. ಆ ಲೆಕ್ಕದಲ್ಲಿ ನಮ್ಮ ಲಿಪಿಗೆ ದೂರದ ದಾಯಾದಿ. ಅಲ್ಲಿಯೂ ಸ್ವರಚಿಹ್ನೆಗಳು ಅಕ್ಷರದ ಮೇಲೆ ಏರುತ್ತವೆ, ಕೆಳಗೆ ಇಳಿಯುತ್ತವೆ. ಮೋನೊಕ್ರೋಮ್ ಕಾರ್ಡಿನಲ್ಲಿ ಅದು ಅಸಾಧ್ಯ, ಬಣ್ಣದ ಕಾರ್ಡಿನಲ್ಲಿ ಕಣ್ಣಿಗೆ ಹಿಂಸೆ. ಹಾಗಾಗಿ ಸ್ಫುಟತೆಯನ್ನು ಬಿಡದೆ ಚುಕ್ಕಿಗಳನ್ನೂ ಇಡಬಲ್ಲ ಕಾರ್ಡೊಂದನ್ನು ಅವನೇ ರೂಪಿಸಿದ: ಅಗಲಕ್ಕೆ 720, ಎತ್ತರಕ್ಕೆ 348 ಚುಕ್ಕಿ. 1982ರಲ್ಲಿ ಅದು ‘ಹರ್ಕ್ಯುಲೀಸ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಲೆಕ್ಕಪತ್ರದ ತಂತ್ರಾಂಶ ಲೋಟಸ್ 1-2-3 ಅದರಲ್ಲಿ ನಕ್ಷೆಗಳನ್ನು ಚೆನ್ನಾಗಿ ತೋರಿಸುತ್ತಿದ್ದುದರಿಂದ ವ್ಯಾಪಾರಿಗಳು ಕೊಂಡರು, ಅದರ ನಕಲುಗಳು ಜಗತ್ತನ್ನು ತುಂಬಿದವು. ಯಂತ್ರದ ಒಡೆಯ ಮರೆತದ್ದನ್ನು ಹೊರಗಿನವನೊಬ್ಬ ಖಾಲಿ ಸ್ಲಾಟಿಗೆ ಕಾರ್ಡು ಸಿಕ್ಕಿಸಿ ತುಂಬಿಕೊಟ್ಟ ಈ ಕಥೆ ನನ್ನ ಮಗನಿಗೂ ತಿಳಿದಿರಲಿಲ್ಲ. ಕಾರ್ಡುಗಳ ವಂಶಾವಳಿಯನ್ನು ಬಾಯಿಪಾಠ ಹೇಳುವ ಅವನಿಗೆ ಹೊಸದೊಂದನ್ನು ಹೇಳಿದ ಸಂತೋಷ ನನಗೆ ಆ ವರ್ಷದ ದೊಡ್ಡ ಲಾಭ.

ನಮ್ಮ ದೇಶದಲ್ಲಿ ಆ ಹೊತ್ತಿಗೆ ಬೇರೆಯೇ ನಾಟಕ ನಡೆದಿತ್ತು. ವಿದೇಶಿ ವಿನಿಮಯ ಕಾಯಿದೆಯ ಪ್ರಕಾರ ಒಡೆತನ ಹಂಚಿಕೊಳ್ಳಲು ಒಪ್ಪದ ಐಬಿಎಂ 1978ರಲ್ಲಿ ಭಾರತವನ್ನು ಬಿಟ್ಟಿತು. ಅದರ ಹಳೆಯ ಯಂತ್ರಗಳ ರಿಪೇರಿ ಸರ್ಕಾರದ ಸಿಎಂಸಿಯ ಪಾಲಿಗೆ ಬಂತು. ದಿಲ್ಲಿಯಲ್ಲಿ ಡಿಸಿಎಂ, 1976ರಲ್ಲಿ ಹುಟ್ಟಿದ ಎಚ್‌ಸಿಎಲ್, ಬೆಂಗಳೂರಿನಲ್ಲಿ ವಿಪ್ರೋ ಮತ್ತು ಪಿಎಸ್‌ಐ ಆ ಖಾಲಿ ಜಾಗಕ್ಕೆ ಇಳಿದವು. ನಾನಿರುವ ಊರಿಗೂ ಎಲೆಕ್ಟ್ರಾನಿಕ್ಸಿನ ನಂಟು ಹಳೆಯದು. 1974ರಲ್ಲಿ ಇಲ್ಲಿನ ಸಾಹಿಬಾಬಾದಿನಲ್ಲಿ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ ಲಿಮಿಟೆಡ್ ಸ್ಥಾಪನೆಯಾಯಿತು. ಸೌರಕೋಶ, ಫೆರೈಟುಗಳು ಅದರ ಹೆಸರಿಗೆ ಅಂಟಿಕೊಂಡ ಸರಕು. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆರಂಭವಾದ ಬಿಇಎಲ್ ತನ್ನ ಎರಡನೆಯ ಕಾರ್ಖಾನೆಯನ್ನು ತೆರೆದದ್ದೂ ಘಾಜಿಯಾಬಾದಿನಲ್ಲೇ, ರೇಡಾರುಗಳಿಗಾಗಿ. ಎಲ್ಲವನ್ನೂ ನಾವೇ ಮಾಡಬೇಕೆಂಬ ಕಾಲದ ಕಟ್ಟಡಗಳಿವು. ಸಾಹಿಬಾಬಾದಿನ ಆ ರಸ್ತೆಗಳಲ್ಲಿ ಹೋಗುವಾಗ ಕಾರ್ಖಾನೆಯ ಗೋಡೆಯ ಒಳಗೂ ಹೊರಗೂ ಒಂದೇ ಧೂಳು.

1984ರ ನವೆಂಬರಿನ ಕಂಪ್ಯೂಟರ್ ನೀತಿ ಈ ಹಟವನ್ನು ಸಡಿಲಿಸಿತು. ಬಿಡಿಭಾಗಗಳನ್ನು ತರಿಸಿಕೊಂಡು ಇಲ್ಲಿ ಜೋಡಿಸಿ ಮಾರುವುದು ಸುಲಭವಾಯಿತು. ‘ಸ್ಕ್ರೂಡ್ರೈವರ್ ತಂತ್ರಜ್ಞಾನ’ ಎಂದು ತಜ್ಞರು ಹೀಯಾಳಿಸಿದ್ದು ಇದನ್ನೇ. ಹೀಯಾಳಿಕೆಯಲ್ಲಿ ನಿಜವಿತ್ತು, ಚಿಪ್ಪು ಮಾಡುವ ವಿದ್ಯೆ ನಮಗೆ ಬರಲಿಲ್ಲ. ಆದರೆ ಸ್ಕ್ರೂಡ್ರೈವರಿನಿಂದ ಬದುಕಿದವರ ಲೆಕ್ಕವನ್ನು ಆ ತಜ್ಞರು ಇಡಲಿಲ್ಲವೆಂದು ನನಗನಿಸುತ್ತದೆ. ದಿಲ್ಲಿ ಅಭಿವೃದ್ಧಿ ಪ್ರಾಧಿಕಾರ ಕಚೇರಿಗಳಿಗೆಂದು 1970ರ ದಶಕದಲ್ಲಿ ಕಟ್ಟಿದ ನೆಹರು ಪ್ಲೇಸ್, ಕೆಳಗಿನ ಅಂಗಳದಲ್ಲಿ ಕೀಬೋರ್ಡು ಕೇಬಲ್ಲುಗಳ ಸಂತೆಯಾದದ್ದು ಹೀಗೆ. ಬೆಂಗಳೂರಿನಲ್ಲಿ ಸಾದರ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರೋಡು, ಅದೇ ಕೆಲಸ ಮಾಡಿತು. ಬ್ರಾಂಡಿನ ಕಂಪ್ಯೂಟರು ಕೊಳ್ಳಲಾರದ ಕಾಲೇಜು, ಪ್ರಿಂಟಿಂಗ್ ಪ್ರೆಸ್, ತಾಲ್ಲೂಕು ಮಟ್ಟದ ಟೈಪಿಂಗ್ ಸೆಂಟರುಗಳಿಗೆ ‘ಅಸೆಂಬಲ್ಡ್’ ಎಂಬ ಶಬ್ದ ಅವಮಾನವಾಗಿರಲಿಲ್ಲ, ಕೈಗೆಟಕುವ ಒಂದೇ ದಾರಿಯಾಗಿತ್ತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆಯನ್ನು ನಿಗದಿಪಡಿಸಿ ಬೋರ್ಡು ಯಾವುದಾದರೂ ಸ್ಕ್ರೂ ಕೂರುವ ತೂತು ಒಂದೇ ಕಡೆ ಇರುವಂತಾಯಿತು. ಭಾರತ 1997ರಲ್ಲಿ ಸೇರಿದ ಮಾಹಿತಿ ತಂತ್ರಜ್ಞಾನ ಒಪ್ಪಂದದಿಂದ ಬಿಡಿಭಾಗಗಳ ಆಮದು ಸುಂಕ ಹಂತಹಂತವಾಗಿ ಇಳಿದು 2005ರ ಹೊತ್ತಿಗೆ ಇಲ್ಲವಾಯಿತು. ಈಗ ಉಳಿದಿರುವುದು 18 ಶೇಕಡಾ ಜಿಎಸ್‌ಟಿ. ನಮ್ಮ 29,000ದಲ್ಲಿ ಅದರ ಪಾಲು 4,400ಕ್ಕೂ ಮೇಲು. ಒಂದು ಹಳೆಯ ಕಾರ್ಡಿನ ಬೆಲೆಗೆ ಅದು ಹೆಚ್ಚುಕಡಿಮೆ ಹತ್ತಿರ ಎಂದು ಮಗ ಲೆಕ್ಕ ಹಾಕಿ ತೋರಿಸಿದ. ನನ್ನ ಸಂಬಳ ಎಲ್ಲಿಂದ ಬರುತ್ತದೆಂದು ನಾನು ಅವನಿಗೆ ತೋರಿಸಬೇಕಾಯಿತು.

ಹರ್ಕ್ಯುಲೀಸ್ ಕಾರ್ಡಿನ ನಕಲುಗಳು ಈ ಅಸೆಂಬಲ್ಡ್ ಯಂತ್ರಗಳ ಜೊತೆಗೇ ನಮ್ಮ ಊರುಗಳಿಗೂ ಬಂದವು. 1994ರಲ್ಲಿ ಹಾಸನದ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಾಗಿದ್ದ ಕೋಣೆಯಲ್ಲಿ, ಕಿತ್ತಳೆ ಬಣ್ಣದ ಒಂದೇ ವರ್ಣದ ತೆರೆಯ ಮೇಲೆ ನಾನು ‘ಪ್ರಿನ್ಸ್ ಆಫ್ ಪರ್ಷಿಯಾ’ದ ರಾಜಕುಮಾರ ಮುಳ್ಳಿನ ಮೇಲೆ ಬೀಳುವುದನ್ನು ಕಂಡಿದ್ದೆ. ಮೇಷ್ಟರು ಬಂದರೆ ವರ್ಡ್‌ಸ್ಟಾರಿಗೆ ಮರಳಬೇಕು. ಅಲ್ಲಿ ಓಡುತ್ತಿದ್ದ ಆ ರಾಜಕುಮಾರ ಥಾಯ್ ಅಕ್ಷರಗಳಿಗಾಗಿ ಹಾಸಿದ ನೆಲದ ಮೇಲೆ ಓಡುತ್ತಿದ್ದನೆಂಬುದು ಮೂವತ್ತು ವರ್ಷಗಳ ಮೇಲೆ ತಿಳಿಯಿತು. ಆಟಕ್ಕಾಗಿ ಬಂದ ಕಾರ್ಡಿನಲ್ಲಿ ಅಕ್ಷರಕ್ಕೆ ಎಡೆ ಸಿಕ್ಕಿತೆಂದು ನಾವು ತಿಳಿದಿದ್ದರೆ, ನಡೆದದ್ದು ತದ್ವಿರುದ್ಧ.

ಕನ್ನಡವೂ ಆ ಯಂತ್ರಗಳನ್ನು ಪ್ರವೇಶಿಸಿದ್ದು ಸ್ಲಾಟಿನ ಮೂಲಕವೇ. ಕಾನ್ಪುರದ ಐಐಟಿಯಲ್ಲಿ ಆರ್.ಎಂ.ಕೆ. ಸಿನ್ಹಾ ಮತ್ತು ಸಂಗಡಿಗರು ದೇವನಾಗರಿಗಾಗಿ ತೊಡಗಿದ್ದ ಕೆಲಸದಿಂದ ‘ಜಿಸ್ಟ್’ ಎಂಬ ತಂತ್ರ ಹುಟ್ಟಿತು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಆರಂಭವಾದಾಗ ಮೋಹನ್ ತಾಂಬೆಯವರ ನೇತೃತ್ವದಲ್ಲಿ ಅದು ಅಲ್ಲಿಗೆ ಹೋಗಿ, ಪಿಸಿಗೆ ಸಿಕ್ಕಿಸುವ ಜಿಸ್ಟ್ ಕಾರ್ಡಾಗಿ ಹೊರಬಂತು. ಡಿಬೇಸ್, ಲೋಟಸ್, ವರ್ಡ್‌ಸ್ಟಾರ್ ಮೊದಲಾದ ಡಾಸ್ ತಂತ್ರಾಂಶಗಳಿಗೆ ತಾವು ಇಂಗ್ಲಿಷಲ್ಲದ್ದನ್ನು ಬರೆಯುತ್ತಿದ್ದೇವೆಂಬ ಅರಿವೇ ಇರುತ್ತಿರಲಿಲ್ಲ. ಅವು ಕಳಿಸಿದ ಸಂಕೇತಗಳನ್ನು ಕಾರ್ಡು ನಡುವೆ ಹಿಡಿದು ಗುಣಿತ, ಒತ್ತಕ್ಷರಗಳನ್ನು ಕೂಡಿಸಿ ತೆರೆಗೆ ಬರೆಯುತ್ತಿತ್ತು. ಭಾರತದ ಬ್ರಾಹ್ಮೀಮೂಲ ಲಿಪಿಗಳಿಗೆಲ್ಲ ಒಂದೇ ಸಂಕೇತ ಎಂಬುದು ಅದರ ಹಿಂದಿನ ಜಾಣ್ಮೆ. ‘ಕ’ ಯಾವ ಲಿಪಿಯಲ್ಲಿದ್ದರೂ ಒಳಗೆ ಒಂದೇ ಸಂಖ್ಯೆ. ದೇವನಾಗರಿಯಲ್ಲಿ ಬರೆದ ಹೆಸರುಗಳ ಪಟ್ಟಿಯನ್ನು ಲಿಪಿ ಬದಲಿಸಿ ಕನ್ನಡದಲ್ಲಿ ನೋಡಬಹುದಿತ್ತು. ಆ ಸಂಕೇತವ್ಯವಸ್ಥೆ ಇಸ್ಕಿ ಎಂಬ ಹೆಸರಿನಲ್ಲಿ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಯೂನಿಕೋಡಿನಲ್ಲಿ ಕನ್ನಡ ವರ್ಣಮಾಲೆ ಕುಳಿತಿರುವ ಕ್ರಮವೂ ಇಸ್ಕಿಯಿಂದಲೇ ಬಂದದ್ದು.

ಈ ಕಾರ್ಡನ್ನು ನಾನು ಒಮ್ಮೆ ಕೈಯಲ್ಲಿ ಹಿಡಿದಿದ್ದೆ. 2009ರಲ್ಲಿ ನಮ್ಮ ಕಚೇರಿಯ ಹಳೆಯ ಕಂಪ್ಯೂಟರುಗಳನ್ನು ಕಂಡೆಮ್ ಮಾಡುವ ಮೂವರ ಸಮಿತಿಯಲ್ಲಿ ನಾನು ಕಿರಿಯ ಸದಸ್ಯ. ಸ್ಟೋರಿನಲ್ಲಿ ಬೂದುಬಣ್ಣದ ಸಿಪಿಯುಗಳ ನಡುವೆ ರಟ್ಟಿನ ಪೆಟ್ಟಿಗೆಯೊಂದರಲ್ಲಿ ನಾಲ್ಕು ಉದ್ದನೆಯ ಕಾರ್ಡುಗಳು ಪ್ಲಾಸ್ಟಿಕ್ಕಿನೊಳಗಿದ್ದವು. “ಹಿಂದಿ ಕಾರ್ಡು” ಎಂದರು ಸ್ಟೋರಿನ ಹಿರಿಯರು. ರಾಜಭಾಷೆಯ ಆದೇಶದಂತೆ ತರಿಸಿದ್ದು, ವಿಂಡೋಸ್ ಬಂದ ಮೇಲೆ ಕಿತ್ತಿಟ್ಟದ್ದು. ನಾನು ಪಟ್ಟಿಯಲ್ಲಿ ‘ಉಪಯೋಗಕ್ಕೆ ಬಾರದ್ದು, ದುರಸ್ತಿಗೆ ಅರ್ಹವಲ್ಲ’ ಎಂಬ ಕಲಮಿನ ಎದುರು ಗುರುತು ಹಾಕಿ ಸಹಿ ಮಾಡಿದೆ. ಅದು ನಿಯಮಕ್ಕೆ ಸರಿಯಾಗಿಯೇ ಇತ್ತು. ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡವೂ ‘ತುಂಗಾ’ ಎಂಬ ಅಕ್ಷರಶೈಲಿಯೂ ಬಂದಾಗಿತ್ತು. 1998ರಿಂದ ಶೇಷಾದ್ರಿವಾಸು ಅವರ ‘ಬರಹ’, ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಕಾರ್ಡಿಲ್ಲದೆಯೇ ಕನ್ನಡ ಬರೆಸುತ್ತಿದ್ದವು. ಅದೇ ಕಾರ್ಡು ಕನ್ನಡವನ್ನೂ ಬಲ್ಲದೆಂದು ಆ ದಿನ ತಿಳಿದಿದ್ದರೆ ಸಹಿ ಮಾಡುತ್ತಿರಲಿಲ್ಲವೆಂದು ಹೇಳುವಷ್ಟು ಭಾವುಕ ನಾನಲ್ಲ. ಒಂದನ್ನು ಎತ್ತಿಟ್ಟು ನೋಡುತ್ತಿದ್ದೆನೇನೋ. ಎಲ್ಲವೂ ತೂಕದ ಲೆಕ್ಕದಲ್ಲಿ ಹರಾಜಾಯಿತು.

ತೂಕದ ಲೆಕ್ಕದಲ್ಲಿ ಹೋದದ್ದು ಎಲ್ಲಿಗೆ ಹೋಗುತ್ತದೆಂಬುದು ಘಾಜಿಯಾಬಾದಿನವರಿಗೆ ಗೊತ್ತಿರುವ ವಿಷಯ. ಪೂರ್ವ ದಿಲ್ಲಿಯ ಸೀಲಂಪುರದಲ್ಲಿ ಹಳೆಯ ಯಂತ್ರಗಳನ್ನು ಬಿಚ್ಚುತ್ತಾರೆ. ಬದುಕಿರುವ ರ‍್ಯಾಮು, ಪ್ರೊಸೆಸರುಗಳು ಮತ್ತೆ ಮಾರುಕಟ್ಟೆಗೆ ಮರಳುತ್ತವೆ. ಸತ್ತ ಬೋರ್ಡುಗಳು ಹಿಂದೆ ಮಂಡೋಲಿಗೆ ಹೋಗುತ್ತಿದ್ದವು. ದಿಲ್ಲಿಯಲ್ಲಿ ಕಡಿವಾಣ ಬಿಗಿಯಾದ ಮೇಲೆ ಗಡಿ ದಾಟಿ ನಮ್ಮ ಜಿಲ್ಲೆಯ ಲೋನಿಗೆ ಬಂದವು. ಅಲ್ಲಿ ತಂತಿಯ ಪ್ಲಾಸ್ಟಿಕ್ಕನ್ನು ಸುಟ್ಟು, ಬೋರ್ಡುಗಳನ್ನು ಆಮ್ಲದಲ್ಲಿ ಅದ್ದಿ ತಾಮ್ರ ತೆಗೆಯುತ್ತಾರೆ. ಹೆಂಗಸರೂ ಮಕ್ಕಳೂ ಆ ಕೆಲಸದಲ್ಲಿದ್ದಾರೆ. ಇ-ತ್ಯಾಜ್ಯದ ನಿಯಮಗಳು 2012ರ ಮೇ ತಿಂಗಳಿನಿಂದ ಜಾರಿಯಲ್ಲಿವೆ, 2023ರ ಏಪ್ರಿಲಿನಿಂದ ಹೊಸ ನಿಯಮಗಳೂ ಬಂದಿವೆ. ನಾನು ಸಹಿ ಮಾಡಿದ ವರ್ಷ ಯಾವುದೂ ಇರಲಿಲ್ಲ.

ಇಷ್ಟು ತಿಳಿದ ಮೇಲೆ ಸೆಕೆಂಡ್‌ಹ್ಯಾಂಡ್ ಕಾರ್ಡಿನ ಬಗ್ಗೆ ನನಗಿದ್ದ ಹಟ ಸಡಿಲವಾಯಿತು. ಮಗ ತೋರಿಸುತ್ತಿದ್ದ ಆರ್‌ಎಕ್ಸ್ 580 ಎಂಬ ಕಾರ್ಡು 2017ರದು. ಕ್ರಿಪ್ಟೊ ಹಣದ ಗಣಿಗಾರಿಕೆಯವರು ಇಂಥವನ್ನು ಸಾಲುಸಾಲಾಗಿ ಜೋಡಿಸಿ ಹಗಲು ರಾತ್ರಿ ಓಡಿಸುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ತನ್ನ ಪದ್ಧತಿಯನ್ನು ಬದಲಿಸಿ ಆ ಕೆಲಸವೇ ಬೇಡವಾದಾಗ ಕಾರ್ಡುಗಳು ಹಳೆಯ ಮಾಲಿನ ಮಾರುಕಟ್ಟೆಗೆ ಸುರಿದವು. ದುಡಿದು ಸವೆದ ಎತ್ತನ್ನು ಸಂತೆಯಿಂದ ತರುವುದು ಜಾಣತನವಲ್ಲವೆಂದು ಎರಡು ತಿಂಗಳು ವಾದಿಸಿದ್ದ ನಾನು ಡಿಸೆಂಬರಿನ ಒಂದು ಶನಿವಾರ ಅವನೊಂದಿಗೆ ವೈಶಾಲಿಯಲ್ಲಿ ಮೆಟ್ರೊ ಹತ್ತಿದೆ. ಮಂಡಿ ಹೌಸಿನಲ್ಲಿ ಗಾಡಿ ಬದಲಿಸಿ ನೆಹರು ಪ್ಲೇಸಿನಲ್ಲಿ ಇಳಿದೆವು.

ಮೊದಲ ಅಂಗಡಿಯವನು ತೋರಿಸಿದ ಕಾರ್ಡಿನ ಹೆಸರು ಅದೇ ಆದರೂ ಒಳಗಿನ ಘಟಕಗಳು 2,304ರ ಬದಲು 2,048 ಎಂದು ಮಗ ಕಂಡುಹಿಡಿದ. ಚೀನಾದ ಮಾರುಕಟ್ಟೆಗೆಂದು ಮಾಡಿದ ಮಾದರಿಯಂತೆ. ಅಂಗಡಿಯವನು ನಕ್ಕು, “ಬಚ್ಚಾ ತಯಾರಾಗಿ ಬಂದಿದ್ದಾನೆ” ಎಂದ. ಎರಡನೆಯ ಅಂಗಡಿಯಲ್ಲಿ ಅರ್ಧ ಗಂಟೆ ಕಾರ್ಡನ್ನು ಪೂರ್ತಿ ಭಾರದಲ್ಲಿ ಓಡಿಸಿ, ಕಾವು ಎಷ್ಟಕ್ಕೆ ಏರುತ್ತದೆ, ತೆರೆಯ ಮೇಲೆ ಕಲೆಗಳು ಬರುತ್ತವೆಯೇ ಎಂದು ಅವನು ನೋಡುತ್ತಿದ್ದರೆ ನಾನು ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿದೆ. 6,200 ಹೇಳಿ 5,800ಕ್ಕೆ ಇಳಿದರು. ಬಿಲ್ಲು, ಏಳು ದಿನದ ಗ್ಯಾರಂಟಿ.

ಮನೆಗೆ ಬಂದು ಅವನೇ ಫ್ಯಾನನ್ನು ಬಿಚ್ಚಿ, ಒಣಗಿ ಸುಣ್ಣದಂತಾಗಿದ್ದ ಥರ್ಮಲ್ ಪೇಸ್ಟನ್ನು ಕೆರೆದು ಹೊಸದನ್ನು ಹಚ್ಚಿದ. ಕಾರ್ಡು ಸ್ಲಾಟಿನಲ್ಲಿ ‘ಟಕ್’ ಎಂದು ಕುಳಿತುಕೊಂಡಿತು. ಆಯುಧಪೂಜೆಯ ಕುಂಕುಮ ಕ್ಯಾಬಿನೆಟ್ಟಿನ ಮೇಲೆ ಇನ್ನೂ ಇತ್ತು. ಗುಂಡಿ ಒತ್ತಿದಾಗ ಮೊದಲು ಮೂಡಿದ್ದು ಕಪ್ಪು ತೆರೆಯ ಮೇಲೆ ಬಿಳಿ ಇಂಗ್ಲಿಷ್ ಅಕ್ಷರಗಳು. ರಾತ್ರಿ ಒಂದು ಗಂಟೆಯವರೆಗೆ ಅವನು ಆಡಿದ, ನಾನು ಬಯ್ಯಲಿಲ್ಲ. ಮರುದಿನ ಅದರಲ್ಲಿ ಕನ್ನಡದ ಕೀಲಿಮಣೆಯನ್ನು ಆರಿಸಿಕೊಟ್ಟೆ. ವಿಂಡೋಸ್ ತಾನಾಗಿ ಕೊಡುವ ವಿನ್ಯಾಸ ಇನ್‌ಸ್ಕ್ರಿಪ್ಟ್, ಜಿಸ್ಟ್ ಕಾರ್ಡಿನ ಕಾಲದ್ದೇ. ‘ಕೆ’ ಒತ್ತಿದರೆ ಕ, ನಡುವೆ ‘ಡಿ’ ಒತ್ತಿ ಮತ್ತೆ ‘ಕೆ’ ಒತ್ತಿದರೆ ಕ್ಕ. ತನ್ನ ಹೆಸರನ್ನು ಬರೆಯಲು ಅವನಿಗೆ ನಾಲ್ಕು ನಿಮಿಷ ಬೇಕಾಯಿತು.

ಜನವರಿಯಲ್ಲಿ ಮನೆಯ ಹಳೆಯ ಡೆಸ್ಕ್‌ಟಾಪಿನ ಸಿಪಿಯುವನ್ನು ಹೊರಗೆ ಹಾಕಬೇಕಾಯಿತು. ಭಾನುವಾರ ಬರುವ ಕಬಾಡಿಯವನು ಎತ್ತಿ ನೋಡಿ ನೂರೈವತ್ತು ಎಂದ. ಎಲ್ಲಿಗೆ ಒಯ್ಯುತ್ತೀಯೆ ಎಂದು ಕೇಳಿದೆ. ಲೋನಿಗೆ, ಎಂದ. ಆ ಪೆಟ್ಟಿಗೆ ಸದ್ಯಕ್ಕೆ ಬಾಲ್ಕನಿಯಲ್ಲಿದೆ.